ಕಿವಿ ಮುಚ್ಚಿಕೊಂಡು ನಡೆದ ಅಳಿಯ

ನಮ್ಮ ಫಾರೆ ಊರಿನ ಸಂತೆಬಾಗಿಲಲ್ಲಿ ಬೇಯಿಸಿದ ಬೇಳೆ ಮಾರುವ ನನಗೆ ಮನಸ್ಸಿಗೆ ಬಂದಂತೆ ಬಾಯಿಬಿಡುವ ಸುಖ ಒಂದು ದಿನವೂ ಇಲ್ಲ. ಅದಕ್ಕೆ ಕಾರಣ ಸಂತೆಯ ನಡುವೆ ನಿಂತಿರುವ ಗಡ್ಡದ ಕಲ್ಲುದೇವರು ಹರ್ಮೀಸ್. ಬೇರೆ ಊರಿನ ದೇವರುಗಳು ಪೂಜಾರಿಣಿಯ ಬಾಯಲ್ಲಿ ಮಾತಾಡುತ್ತವೆ, ಮರದ ಎಲೆಯಲ್ಲಿ ಮಾತಾಡುತ್ತವೆ. ನಮ್ಮವನಿಗೆ ಅಷ್ಟೂ ಪುರುಸೊತ್ತಿಲ್ಲ. ಸಂಜೆ ಬಂದು ದೀಪಕ್ಕೆ ಎಣ್ಣೆ ಹಾಕಿ, ತಾಮ್ರದ ಕಾಸೊಂದು ಇಟ್ಟು, ಅವನ ಕಲ್ಲುಕಿವಿಯಲ್ಲಿ ಪ್ರಶ್ನೆ ಪಿಸುಗುಟ್ಟಬೇಕು. ಆಮೇಲೆ ನಮ್ಮ ಎರಡೂ ಕಿವಿ ಮುಚ್ಚಿಕೊಂಡು ಸಂತೆಯಿಂದ ಆಚೆ ನಡೆಯಬೇಕು. ಬಾಗಿಲು ದಾಟಿ ಕೈ ತೆಗೆದಾಗ ಮೊದಲು ಯಾರ ದನಿ ಕೇಳುತ್ತದೋ ಅದೇ ದೇವರ ಉತ್ತರ. ಯಾರ ದನಿ ಕೇಳುತ್ತದೆ? ಬಾಗಿಲಲ್ಲಿ ಕೂತ ನನ್ನದು!

ಹೋದ ವರ್ಷ ಅಂಜೂರ ಮಾರುವ ಹಿಪ್ಪೋನ್ ತನ್ನ ಬುಟ್ಟಿಯನ್ನು ನನ್ನ ಜಾಗಕ್ಕೆ ತಳ್ಳಿದ. "ತೆಪ್ಪಗೆ ನಿನ್ನ ಜಾಗದಲ್ಲಿ ಬಿದ್ದಿರೋ ಮುದಿಯಾ" ಎಂದು ಬೈದೆ. ಅದೇ ಗಳಿಗೆಗೆ ಕಿವಿ ಬಿಟ್ಟವನೊಬ್ಬ ಹಡಗು ಹತ್ತುವುದನ್ನೇ ಕೈಬಿಟ್ಟ. ಜೊತೆಯವರೆಲ್ಲ ಹೋಗಿಬಂದು ಮನೆಗೆ ಹೆಂಚು ಹಾಕಿಸಿಕೊಂಡರು. ಇವನು ಇಂದಿಗೂ ನನ್ನನ್ನು ದುರುಗುಟ್ಟಿ ನೋಡಿಕೊಂಡು ಹೋಗುತ್ತಾನೆ. ಹಾಗಂತ ಬೇಕೆಂದೇ ಒಳ್ಳೆಯ ಮಾತು ಹೇಳೋಣವೆಂದರೆ ಅದೂ ಕೂಡದು. ದೇವರ ಬಾಯಿ ಕದ್ದವರ ನಾಲಿಗೆ ಒಣಗುತ್ತದಂತೆ.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ನನ್ನ ಅಳಿಯ ಟಿಮೋಲಾಸ್ ನನ್ನ ಮೊಮ್ಮಗಳ ಪ್ರಾಣವನ್ನೇ ಆ ಕಲ್ಲಿನ ಮುಂದೆ ಇಡಲು ಹೊರಟಾಗ ನನ್ನ ತಾಳ್ಮೆ ಕೆಟ್ಟಿತು.

ಮಗಳು ಮೆಲಿಟ್ಟ ಹೆತ್ತದ್ದು ಮೂರನೆಯದೂ ಹೆಣ್ಣು. ಗಂಡಾದರೆ ಬಾಗಿಲಿಗೆ ಆಲಿವ್ ಎಲೆ, ಹೆಣ್ಣಾದರೆ ಉಣ್ಣೆ ಕಟ್ಟುತ್ತೇವೆ. ಅವರ ಬಾಗಿಲು ಇನ್ನೂ ಬೋಳಾಗಿಯೇ ಇತ್ತು. ಅಪ್ಪ ಎತ್ತಿಕೊಂಡು ಒಲೆ ಸುತ್ತು ಹಾಕುವ ತನಕ ಕೂಸು ಮನೆಯದಲ್ಲ. ಅವನು ನೆಲಕ್ಕಿಟ್ಟರೆ ಮುಗಿಯಿತು, ಗಡಿಗೆಯಲ್ಲಿಟ್ಟು ಬೆಟ್ಟಕ್ಕೆ ಬಿಟ್ಟುಬರುವುದೇ. ಒಲೆ ಸುತ್ತುವ ದಿನ ನಾಳೆ ಎಂಬಾಗಲೂ ಹಗ್ಗ ಹೊಸೆಯುವ ಈ ಮಹಾರಾಯ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ಹರ್ಮೀಸ್‌ನ ಕೇಳ್ತೀನಿ ಅತ್ತೆ. ಎತ್ಕೊಳ್ಳಲೋ ಬೇಡವೋ ಅವನೇ ಹೇಳ್ಲಿ."

"ಅವನೇನು ಹೆತ್ತನಾ? ಹೆತ್ತವಳು ಒಳಗೆ ಮಲಗಿದಾಳೆ, ಅವಳನ್ನ ಕೇಳು!"

"ಅವಳೇನು ಹೇಳ್ತಾಳೆ? ನಿಮ್ಮಿಷ್ಟ ಅಂತಾಳೆ."

ಅದೇನೋ ನಿಜ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಇಷ್ಟು ಬಾಯಿಸತ್ತವಳು ಹೇಗಾದಳೋ ನನಗಂತೂ ತಿಳಿಯದು. ಅವಳಿಗೂ ಸೇರಿಸಿ ನಾನೇ ಮಾತಾಡಿ ಮಾತಾಡಿ ಗಂಟಲು ಹರಿದುಕೊಂಡಿದ್ದೇನೆ.

ನಾಲಿಗೆ ಒಣಗಿದರೆ ಒಣಗಲಿ ಎಂದುಕೊಂಡು ಸಂಜೆ ಬಾಗಿಲಲ್ಲಿ ಕಾದು ಕೂತೆ. ಅವನು ಕಿವಿ ಬಿಟ್ಟ ಕೂಡಲೇ "ಎತ್ತಿಕೋ ಮಗೂನ" ಎಂದುಬಿಡುವುದು, ಅಷ್ಟೇ. ಟಿಮೋಲಾಸ್ ಎರಡೂ ಕಿವಿ ಒತ್ತಿಹಿಡಿದು ಬಂದ. ಬಾಗಿಲು ದಾಟಿದ. ನನ್ನನ್ನು ನೋಡಿದ, ನನ್ನ ಬಾಯಿ ನೋಡಿದ. ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡು ಮುಂದೆ ನಡೆದೇಬಿಟ್ಟ!

ಬೇಳೆ ಗಡಿಗೆ ಒದ್ದುಕೊಂಡು ಎದ್ದು ಹಿಂದೆ ಓಡಿದೆ. "ಎತ್ಕೊಳ್ಳೋ ಮಗೂನ! ಎತ್ಕೊಳ್ಳೋ!"

"ಹರ್ಮೀಸ್‌ಗೂ ನಿನ್ನ ಬಾಯಿ ಬೇಜಾರಾಗಿದೆ ಕಣೇ!" ಎಂದು ಹಿಪ್ಪೋನ್ ಹಿಂದಿನಿಂದ ಕೂಗಿದ.

ಅಳಿಯ ಮೊಣಕೈ ಚಾಚಿಕೊಂಡು ನುಗ್ಗುತ್ತಿದ್ದ. ಮೂಗಿನ ಮೇಲೆ ನೊಣ ಕೂತರೂ ಓಡಿಸುವ ಹಾಗಿಲ್ಲ, ಬರೀ ತಲೆ ಕೊಡವುತ್ತಿದ್ದ. ತನಗೆ ಕೇಳದ್ದರಿಂದ ಊರಿಗೆಲ್ಲ ಕೇಳುವಂತೆ ಅರಚಿದ: "ಅತ್ತೇ, ನೀವು ದೇವರಲ್ಲ!"

"ನಾನು ದೇವರಾಗಿದ್ರೆ ನಿನ್ನಂಥವನಿಗೆ ಮಗಳನ್ನ ಕೊಡ್ತಿದ್ನೇನೋ?"

ಯಾರೋ ಸಂಬಂಧವಿಲ್ಲದವರ ಮಾತು ಅವನಿಗೆ ಬೇಕಿತ್ತು. ಆದರೆ ವಿಷಯ ಊರಿಗೆಲ್ಲ ಗೊತ್ತಿತ್ತು. ಇಡೀ ದಿನ ಹರಟುವ ಬೀದಿ ಇವನನ್ನು ಕಂಡದ್ದೇ ಬಾಯಿಗೆ ಬೀಗ ಹಾಕಿಕೊಂಡಿತು. ನೀರು ತರುತ್ತಿದ್ದವರು ಗೋಡೆ ಕಡೆ ತಿರುಗಿದರು. ಚಮ್ಮಾರನಂತೂ ಸೆರಗು ಸಿಕ್ಕಿದ್ದರೆ ಬಾಯಿಗೆ ತುರುಕಿಕೊಳ್ಳುತ್ತಿದ್ದನೇನೋ. ಕೂಸಿನ ಸಾವು ಬದುಕು ತಮ್ಮ ತಲೆಗೆ ಬರುವುದು ಒಬ್ಬರಿಗೂ ಬೇಡ. ಒಬ್ಬರಾದರೂ ಒಂದು ಒಳ್ಳೆಯ ಮಾತು ಆಡಬಾರದೇ? ನನಗೆ ಅಳುವೇ ಬಂತು. ಚಪ್ಪಲಿ ಬೇರೆ ಕಿತ್ತುಹೋಗಿತ್ತು.

ಪೀರೋಸ್ ಹೊಳೆಯ ತನಕ ಹೋದ. ಅಲ್ಲಿ ಕಪ್ಪೆಗಳ ಹೊರತು ಯಾರೂ ಇರಲಿಲ್ಲ. ಕಪ್ಪೆಯ ಮಾತಿಗೆ ಮಗುವನ್ನು ಒಪ್ಪಿಸುವಷ್ಟು ದಡ್ಡ ಅವನೂ ಅಲ್ಲ. ತಿರುಗಿ ಮನೆಯ ದಾರಿ ಹಿಡಿದ.

ಹೊಸ್ತಿಲಲ್ಲಿ ಮೆಲಿಟ್ಟ ನಿಂತಿದ್ದಳು. ಎದ್ದು ಓಡಾಡುವ ಶಕ್ತಿಯೇ ಅವಳಿಗಿರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಎದೆಯ ಮೇಲೆ ಕೂಸು ನಿದ್ದೆ ಮಾಡುತ್ತಿತ್ತು.

"ಒಳಗೆ ಹೋಗು!" ಟಿಮೋಲಾಸ್ ಅರಚಿದ. "ಏನೂ ಮಾತಾಡಬೇಡ!"

ಅವಳು ಮಾತಾಡಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಕೂಸನ್ನು ಅವನ ಎದೆಗಾನಿಸಿದಳು. ಗಂಡನ ಮುಖವನ್ನೇ ನೋಡುತ್ತ ತನ್ನ ಎರಡೂ ಕೈ ತೆಗೆದುಬಿಟ್ಟಳು.

ಜನ್ಮದಲ್ಲಿ ಮೊದಲ ಸಲ ನನ್ನ ಬಾಯಿಂದ ದನಿ ಹೊರಡಲಿಲ್ಲ. ಕೂಸು ಜಾರಿತು. ಅವನ ಕೈ ಕಿವಿ ಬಿಟ್ಟು ಕೆಳಗೆ ಹಾರಿ, ಹೊಸ್ತಿಲ ಕಲ್ಲಿಗೆ ಇನ್ನೇನು ಬೀಳುತ್ತದೆ ಎನ್ನುವಾಗ ಅದನ್ನು ಹಿಡಿಯಿತು. ಬೀದಿಯಲ್ಲಿ ಸದ್ದಿಲ್ಲ. ಆಗ ಕೂಸು ಬೆಚ್ಚಿಬಿದ್ದು, ಅಷ್ಟಗಲ ಬಾಯಿ ತೆರೆದು, ಚೀರಿ ಅಳತೊಡಗಿತು.

ಟಿಮೋಲಾಸ್ ನನ್ನ ಕಡೆ ತಿರುಗಿದ. "ಇದಕ್ಕೇನರ್ಥ ಅತ್ತೆ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಮೆಲಿಟ್ಟ ಹೇಳಿದಳು. "ಹಸಿವಾಗಿದೆ ಅಂತ."

"ಅಷ್ಟೇನಾ?"

"ಅಷ್ಟೇ. ನನ್ನ ಕೈಗೆ ಕೊಡ್ತೀರೋ, ನೆಲಕ್ಕಿಡ್ತೀರೋ?"

ಅವಳು ಬಡಕಲು ಕೈ ಚಾಚಿ ನಿಂತಿದ್ದಳು. ಅವನು ಕಾಲ ಕೆಳಗಿನ ಕಲ್ಲನ್ನು ನೋಡಿದ. ಕೂಸಿನ ಕೆಂಪು ಮುಖ ನೋಡಿದ. ಅವಳ ಕೈಗೂ ಕೊಡಲಿಲ್ಲ, ನೆಲಕ್ಕೂ ಇಡಲಿಲ್ಲ. ಅಳುವ ಕೂಸನ್ನು ಎದೆಗೊತ್ತಿಕೊಂಡು ಹೊಸ್ತಿಲು ದಾಟಿ ಸೀದಾ ಒಲೆಯ ಕಡೆ ನಡೆದ.

"ಒಲೆ ಸುತ್ತೋದು ನಾಳೆ ಕಣೋ, ಇವತ್ತಲ್ಲ!" ಎಂದು ನಾನು ಕೂಗಿಕೊಂಡೆ. ಕಿವಿಯ ಮೇಲೆ ಈಗ ಕೈ ಇರಲಿಲ್ಲ, ಆದರೂ ಅವನಿಗೆ ಕೇಳಲಿಲ್ಲ. ನಾನು ಬರಿಗಾಲಲ್ಲೇ ಬಾಗಿಲಿಗೆ ಕಟ್ಟುವ ಉಣ್ಣೆ ಹುಡುಕಲು ಹೋದೆ.