ಒಸರಿನ ಬಾಯಿ

“ಬೆವರೋದು ನಿಮ್ಮಪ್ಪನ ಮೈ ಕಣೋ ಬೋಳಿಮಗನೆ, ನನ್ನ ಏರಿ ಅಲ್ಲ. ಮುಚ್ಕೊಂಡು ಮಣ್ಣು ಹಾಕು.”

ಕೆರೆಯ ಏರಿ ಬೆವರುತ್ತಿದೆ ಅಂದದ್ದಕ್ಕೆ ಧಣಿ ಹೀಗೆ ಬೈದದ್ದು ನನ್ನ ಮಾವನನ್ನು. ಧಣಿಯ ಆ ಸ್ವಂತ ಕೆರೆಯ ತೂಬನ್ನು ಮೂವತ್ತು ವರ್ಷ ಎತ್ತಿ ಇಳಿಸಿದ ಮುದುಕ. ಮಣ್ಣಿನ ಏರಿಯ ಬುಡದಲ್ಲಿ ತಟ್ಟೆಯಗಲದ ಜಾಗ ಮೊದಲಿನಿಂದಲೂ ಒಸರುತ್ತಿತ್ತು. ದಿನಾ ಬೆಳಿಗ್ಗೆ ಮಾವ ಅಲ್ಲಿಂದ ಒಂದು ಬೊಗಸೆ ಹಿಡಿದು ಬಿಸಿಲಿಗೆ ನೋಡುತ್ತಿದ್ದ. ತಿಳಿಯಾಗಿದ್ದರೆ ಚೆಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದ. ಅವತ್ತು ಬೊಗಸೆಯ ನೀರು ಕೆಂಪಗಿತ್ತು.

ಒಳಗಿನ ಮಣ್ಣು ಕರಗಿ ಬರುತ್ತಿದೆ, ಬಾಯಿ ಕಟ್ಟಬೇಡಿ, ಮರಳು ಜಲ್ಲಿ ಸುರಿದು ನೀರನ್ನಷ್ಟೇ ಹೊರಗೆ ಬಿಡಿ, ಕೋಡಿಯ ಮೂಟೆ ತೆಗೆದು ಕೆರೆ ಇಳಿಸಿ ಎಂದು ಮಾವ ಕೈಮುಗಿದು ಹೇಳಿದ್ದ. ಹೆಚ್ಚಾದ ನೀರು ಹರಿದುಹೋಗುವ ಆ ಕೋಡಿಗೆ ಎದೆಮಟ್ಟ ಮರಳಮೂಟೆ ಕಟ್ಟಿಸಿದವನೇ ಧಣಿ. ಇನ್ನೂ ಹತ್ತು ಎಕರೆ ಕಬ್ಬಿನ ಆಸೆ ಅವನಿಗೆ. ಏರಿಯ ಕೆಳಗೆ ನಮ್ಮ ಹನ್ನೊಂದು ಮನೆ. ಅವನ ಮನೆ ದಿಬ್ಬದ ಮೇಲೆ.

ತಪಾಸಣೆಗೆ ಇಂಜಿನಿಯರ್ ಬರುವವನಿದ್ದ, ಅದಕ್ಕೇ ಅವಸರ. ನಾವು ಹೆಂಗಸರು ಜೇಡಿಮಣ್ಣು ತುಳಿದು ಹದ ಮಾಡಿ ಒಸರಿನ ಬಾಯಿಗೆ ಬಡಿದೆವು. ಮೇಲೆ ಬೇರುಸಮೇತ ಹುಲ್ಲು ಕೂರಿಸಿ ನೀರು ಚಿಮುಕಿಸಿದೆವು. ಎಷ್ಟು ಅಂದವಾಗಿ ಮಾಡಿದೆವೆಂದರೆ ಎಲ್ಲಿ ಮುಚ್ಚಿದೆವೆಂದು ನಮಗೇ ತಿಳಿಯುತ್ತಿರಲಿಲ್ಲ. ನಮ್ಮ ಗೋರಿಯನ್ನು ನಾವೇ ಸಾರಿಸಿ ನೀಟು ಮಾಡಿದ್ದೆವು, ಥೂ ನಮ್ಮ ಜನ್ಮಕ್ಕೆ.

ಇಂಜಿನಿಯರ್ ಬಂದ. ಏರಿಯ ಮೇಲೆ ಹತ್ತು ಹೆಜ್ಜೆ ಹಾಕಿ, ಬೂಟಿಗೆ ಕೆಸರಾಯಿತೆಂದು ನಿಂತ. ಕೆಳಗೆ ಯಾರಾದರೂ ವಾಸವಿದ್ದಾರಾ ಎಂದು ಕೇಳಿದ.

“ಯಾರೂ ಇಲ್ಲ ಸಾರ್. ದನದ ಕೊಟ್ಟಿಗೆ, ಅಷ್ಟೇ,” ಎಂದ ಧಣಿ.

ನನ್ನ ಮನೆಯ ಮುಂದೆ ಮಗಳ ಲಂಗ ಒಣಗುತ್ತಿತ್ತು. ಪಕ್ಕದಲ್ಲಿ ಬಾಣಂತಿ ನಾದಿನಿಗೆ ನೀರು ಕಾಯಿಸುವ ಒಲೆ ಹೊಗೆಯಾಡುತ್ತಿತ್ತು. ಇಂಜಿನಿಯರ್ ಎರಡನ್ನೂ ನೋಡಿದ. ನೋಡಿಯೂ ಧಣಿ ಹೇಳಿದ್ದನ್ನೇ ಬರೆದುಕೊಂಡ.

ನಾನು ಗುದ್ದಲಿ ಹಿಡಿದು ಬುಡಕ್ಕಿಳಿದೆ. ಹುಲ್ಲು ಕಿತ್ತೆಸೆದು ಜೇಡಿಗೆ ಮೂರು ಏಟು ಹಾಕಿದೆ. ನೀರು ತೋಳುಗಾತ್ರ ಚಿಮ್ಮಿತು, ಬೆಳಗಿನದಕ್ಕಿಂತ ಕೆಂಪಗೆ, ಮಂದವಾಗಿ. ಮಣ್ಣು ಹೊರುವ ಬಾಂಡಲಿಯಲ್ಲಿ ಅದನ್ನು ಹಿಡಿದು, ಏರಿ ಹತ್ತಿ ಇಂಜಿನಿಯರನ ಕಾಗದದ ಮೇಲೆ ಸುರಿದೆ.

“ಇದನ್ನೂ ಬರ್ಕೊಳ್ಳಿ ಸಾರ್.”

ಅವನು ನೀರನ್ನು ನೋಡಿದ, ಕಾಲಕೆಳಗಿನ ಏರಿಯನ್ನು ನೋಡಿದ. ಜೀಪಿಗೆ ಓಡಿದ. ಓದಿದವನು, ಬೇಗ ಅರ್ಥವಾಯಿತು.

ಆ ಮುಂಡೆಯನ್ನು ಹಿಡಿಯಿರೋ ಎಂದು ಧಣಿ ಅರಚಿದ. ಯಾರೂ ಅಲ್ಲಾಡಲಿಲ್ಲ. ಇಬ್ಬರು ಒಸರಿಗೆ ಜಲ್ಲಿ ಸುರಿಯಲು ಇಳಿದರು. ಅತ್ತೆ ಬಾಣಂತಿಯನ್ನೂ ಮಕ್ಕಳನ್ನೂ ಎಬ್ಬಿಸಿಕೊಂಡು ದಿಬ್ಬ ಹತ್ತಿದಳು, ನೇರ ಧಣಿಯ ಜಗಲಿಗೆ. ನಾನೂ ಮಾವನೂ ಉಳಿದವರೂ ಕೋಡಿಗೆ ಹೋಗಿ ಮೂಟೆ ಎಳೆಯತೊಡಗಿದೆವು. ಧಣಿ ಓಡಿಬಂದು ಅಡ್ಡ ನಿಂತ. ಇದು ನನ್ನ ಕೆರೆ, ಒಬ್ಬೊಬ್ಬರನ್ನೂ ಒಳಗೆ ಹಾಕಿಸುತ್ತೇನೆ ಎಂದ.

ಮಾವ ಸೊಂಟ ನೆಟ್ಟಗೆ ಮಾಡಿದ. “ಕೆರೆ ನಿಮ್ದೇ ಧಣಿ. ಕೆಳಗಿರೋ ಮಕ್ಳು ಮರಿ ನಮ್ದು. ಜರುಗು.”

ಕೊನೆಯ ಆ ಒಂದು ಮಾತನ್ನು ಜನ್ಮದಲ್ಲಿ ಮೊದಲ ಸಲ ಧಣಿಗೆ ಏಕವಚನದಲ್ಲಿ ಅಂದಿದ್ದ. ಧಣಿ ಜರುಗಿದ.

ಮೂಟೆಗಳು ಇನ್ನೂ ಮೂರು ವರಸೆ ಉಳಿದಿದ್ದವು. ಆಗಲೇ ನಮ್ಮ ಹಿಂದೆ ಏರಿಯ ನೆತ್ತಿ ಒಂದು ಗೇಣು ಕುಸಿಯಿತು. ನಾವು ಮುಂದಿನ ಮೂಟೆಗೆ ಕೈ ಹಾಕಿದೆವು.