ಪುಟ ನಲವತ್ತೇಳರ ಹೆಲ್ಮೆಟ್ಟು

ಎರಡು ಬೆರಳಿಟ್ಟು ಅಗಲಿಸಿದರೆ ಅಗಲವಾಗುತ್ತದೆ, ಇನ್ನೂ ಅಗಲಿಸಿದರೆ ಇನ್ನೂ, ನನ್ನ ವರದಿಯಲ್ಲಿ ಹಾಕಿದ ಮೆಸೇಜಿನ ಸ್ಕ್ರೀನ್‌ಶಾಟು, ಮೆಸೇಜಿನ ಪಕ್ಕದ ಪ್ರೊಫೈಲ್ ಚಿತ್ರ, ಸಾಸಿವೆ ಕಾಳಿನಷ್ಟಿದ್ದ ಹಳದಿ ಚುಕ್ಕೆ ಈಗ ಹೆಲ್ಮೆಟ್ಟು — ಅಂಗಾತ ಇಟ್ಟದ್ದು, ಒಳಗೆ ಮಣ್ಣು, ಮಣ್ಣಲ್ಲಿ ಟೊಮೆಟೊ ಸಸಿ, ಪಕ್ಕದಲ್ಲಿ ಸೀಳು, ಸೀಳಿನ ಕೆಳಗೆ ಕಪ್ಪು ಬಣ್ಣದಲ್ಲಿ ೨೧೮, ಬೆಂಕಿ ಬಿತ್ತು ನನ್ನ ಬುದ್ಧಿಗೆ, ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದೆ, ಫೋನ್ ನಂಬರಿನ ಮೇಲೆ ಎಳೆದೆ, ಮೆಸೇಜು ಬಂದ ಗಳಿಗೆಯ ಮೇಲೂ ಎಳೆದೆ, ಈ ಚುಕ್ಕೆಯನ್ನು ಮಾತ್ರ ಬಿಟ್ಟೆ, ಕಣ್ಣಿಗೆ ಬಿದ್ದಿತ್ತು, ಬಿದ್ದರೂ ಬಿಟ್ಟೆ, ಮುಖ ಮುಚ್ಚಬೇಕು ಅಂತ ತಾನೆ ನಿಯಮ, ಹೆಲ್ಮೆಟ್ಟಿಗೆ ಮುಖ ಎಲ್ಲಿದೆ ಅಂದುಕೊಂಡೆನಲ್ಲ, ಜಾಣೆ, ಮಹಾ ಜಾಣೆ. ಸಂಘದ ಆಫೀಸಿನ ಫ್ಯಾನು ಕಟಕಟ ಅನ್ನುತ್ತಿದೆ, ಎದುರಿಗೆ ಕಾರ್ಯದರ್ಶಿ ಆರಿಹೋದ ಚಹಾದ ಕೆನೆ ತೆಗೆಯುತ್ತ, ನೀವೊಂದು ಬಾಯಿ ಮುಚ್ಕೊಂಡಿರಿ ಮೇಡಂ, ಅಷ್ಟೇ ಸಾಕು, ಅನ್ನುತ್ತಾರೆ, ಇದೇ ಮನುಷ್ಯ ಆರು ತಿಂಗಳ ಹಿಂದೆ ಬಾಯ್ತುಂಬ ನಗುತ್ತ ನನ್ನನ್ನು ಸಂಘದ ಗ್ರೂಪಿಗೆ ಸೇರಿಸಿದ್ದು. ಕಾರ್ಮಿಕ ಸಂಘಗಳು ಇಂಟರ್‌ನೆಟ್ಟಿನಲ್ಲಿ ಸದಸ್ಯರನ್ನು ಹೇಗೆ ಸೆಳೆಯುತ್ತವೆ — ನನ್ನ ಡಾಕ್ಟರೇಟಿಗೆ ಎಂಥಾ ಘನಂದಾರಿ ವಿಷಯ — ಪಾರ್ಸೆಲ್ ಗೋದಾಮಿನ ಮುನ್ನೂರು ಕೆಲಸಗಾರರ ಗ್ರೂಪಿನಲ್ಲಿ ಕೂತು ನಾನು ಓದಿದ್ದು ಶುಭೋದಯ, ಹೂವಿನ ಚಿತ್ರ, ಮತ್ತೆ ಶುಭೋದಯ, ಕಾರ್ಯದರ್ಶಿಯ ಉದ್ದನೆಯ ಭಾಷಣ, ಅದಕ್ಕೆ ಹನ್ನೊಂದು ಹೆಬ್ಬೆರಳು, ಸತ್ತೇಹೋಗಿದ್ದೆ, ಆಗ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಈ ಹೆಲ್ಮೆಟ್ಟಿನ ಅಕ್ಕ ಬರೆದಳು, ಮೂರನೇ ಬೆಲ್ಟಿನ ಬ್ರೇಕು ಹಿಡೀತಿಲ್ಲ, ಮೂರು ಸಲ ಹೇಳಾಯ್ತು, ಯಾರದಾದ್ರೂ ಕೈ ಹೋದ್ಮೇಲೆ ಬರ್ತಾರಾ? ಒಂದೇ ಗಂಟೆಯಲ್ಲಿ ನಲವತ್ತು ಉತ್ತರ, ನಾನು ಕುಣಿದಾಡಿಬಿಟ್ಟೆ, ನಾಚಿಕೆಯಾಗಬೇಕು, ಯಾರದೋ ಕೈ ಉಳಿಯಲಿ ಅಂತಲ್ಲ, ನನ್ನ ವರದಿಗೆ ಒಂದು ಪುಟ ಸಿಕ್ಕಿತು ಅಂತ.

ನನ್ನ ಹೆಸರು ಬರಲ್ಲ ತಾನೆ ಅಂತ ಕೇಳಿದ್ದಳು, ಮನೆ ಮೆಟ್ಟಿಲ ಮೇಲೆ ಕೂತು, ಇದೇ ಹೆಲ್ಮೆಟ್ಟಿಗೆ ಲೋಟದಿಂದ ನೀರು ಹನಿಸುತ್ತ, ಮೇಲಿಂದ ಪೆಟ್ಟಿಗೆ ಬಿತ್ತಮ್ಮಾ, ಇದು ಸೀಳ್ತು, ನನ್ನ ತಲೆ ಉಳೀತು, ಹೊಸದು ಕೊಟ್ರು, ಹಳೇದನ್ನ ಬಿಸಾಕೋಕೆ ಮನಸ್ಸೇ ಬರ್ಲಿಲ್ಲ, ನಂಬರ್ ಮಾತ್ರ ಹೊಸದರ ಮೇಲೂ ಅದೇ, ಅಲ್ಲಿರೋವರೆಗೂ ನಾನು ಇನ್ನೂರ ಹದಿನೆಂಟೇ ಅಂತ ನಕ್ಕಳು, ನಾನೂ ನಕ್ಕೆ, ಹೆಸರೂ ಬರಲ್ಲ ಮುಖಾನೂ ಬರಲ್ಲ ಅಕ್ಕಾ, ನನ್ನಾಣೆ, ಅಂದೆ. ಆಮೇಲೆ ಸಂಘದವರು ಹೆಮ್ಮೆಯಿಂದ ನನ್ನ ವರದಿಯನ್ನು ತಮ್ಮ ಪೇಜಿನಲ್ಲಿ ಹಾಕಿದರು, ಸದಸ್ಯರೊಬ್ಬರೂ ಓದಲಿಲ್ಲ, ಮ್ಯಾನೇಜರ್ ಓದಿದ, ನಲವತ್ತೇಳನೇ ಪುಟದವರೆಗೂ ಓದಿದ ಪುಣ್ಯಾತ್ಮ, ಎರಡು ಬೆರಳಿಟ್ಟು ಅಗಲಿಸಿದ, ಹೆಲ್ಮೆಟ್ಟು ಕೊಟ್ಟ ರಿಜಿಸ್ಟರ್ ತೆರೆದ, ಸೋಮವಾರ ಗೇಟಿನಲ್ಲಿ ಅಕ್ಕನ ಕಾರ್ಡಿಗೆ ಕೆಂಪು ದೀಪ. ಅಕ್ಕನಿಗೆ ಇದು ಯಾವುದೂ ಗೊತ್ತಿಲ್ಲ. ಪಾರ್ಸೆಲ್ ಸಾಗುವ ಬೆಲ್ಟಿನ ಎದುರುಬದುರು ನಿಂತು ಒಂಬತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡ ಜೊತೆಗಾತಿಯ ಮೇಲೆ ಅವಳ ಅನುಮಾನ, ಹೋದ ವಾರ ರಜೆ ಕೇಳೋ ನೆಪದಲ್ಲಿ ಮ್ಯಾನೇಜರ್ ರೂಮಿಗೆ ಹೋಗಿದ್ಲಲ್ಲ, ಅವಳೇ ಊದಿರೋದು, ಇನ್ಮೇಲೆ ಅವಳ ಮುಖ ನೋಡಲ್ಲ, ನಿನಗೊಬ್ಬಳಿಗೇ ಹೇಳ್ತಿರೋದು ಅಂತ ಫೋನಿನಲ್ಲಿ ಅತ್ತಳು, ನಾನು ಹೂಂ ಅಂದೆ, ಹೂಂ ಅಂದೆನಲ್ಲ, ನಾಲಿಗೆ ಬಿದ್ದುಹೋಗಬಾರದಿತ್ತೆ. ಬ್ರೇಕಿನ ಬಗ್ಗೆ ಸುಳ್ಳು ಹಬ್ಬಿಸಿದಳು ಅಂತ ನಾಳೆ ಅಕ್ಕನ ವಿಚಾರಣೆ, ಬ್ರೇಕು ಕೆಟ್ಟದ್ದನ್ನು ಕಣ್ಣಾರೆ ಕಂಡವಳು ಆ ಜೊತೆಗಾತಿ ಒಬ್ಬಳೇ, ಅವಳು ಬಂದು ಸಾಕ್ಷಿ ಹೇಳಿದರೆ ಅಕ್ಕನ ಕೆಲಸ ಉಳಿದೀತು, ಅಕ್ಕ ಸತ್ತರೂ ಅವಳನ್ನು ಕರೆಯುವುದಿಲ್ಲ. ಹೇಳಿಬಿಡ್ತೀನಿ ಸಾರ್ ಅಂದರೆ ಕಾರ್ಯದರ್ಶಿ ಲೋಟ ಕುಕ್ಕಿ, ಹೇಳಿ, ಧಾರಾಳವಾಗಿ ಹೇಳಿ, ನಾವೇ ಹಾಕಿದ್ದು ಅಂತ ಗೊತ್ತಾದ್ರೆ ಮುನ್ನೂರರಲ್ಲಿ ಮೂರು ಜನಾನೂ ಗ್ರೂಪಲ್ಲಿ ಉಳಿಯಲ್ಲ, ಇನ್ಯಾರೂ ಬ್ರೇಕಿನ ಮಾತೇ ಎತ್ತಲ್ಲ, ನಿಮ್ಮ ಡಾಕ್ಟರೇಟೂ ಹೋಯ್ತು ಅಂತ ತಿಳ್ಕೊಳ್ಳಿ, ಅಂದರು, ಹಾಳಾದ್ದು, ಅವರ ಮಾತೂ ಸುಳ್ಳಲ್ಲ.

ಬರೆಯುತ್ತೇನೆ, ಅಕ್ಕಾ, ಹೇಳಿದ್ದು ನಿಮ್ಮ ಜೊತೆಗಾತಿ ಅಲ್ಲ — ಅಳಿಸುತ್ತೇನೆ — ಅಕ್ಕಾ, ತಪ್ಪಾಗಿದೆ — ಯಾರಿಂದ ತಪ್ಪಾಗಿದೆ, ತಾನಾಗಿಯೇ ಆಯಿತೆ — ಅಳಿಸುತ್ತೇನೆ — ಅಕ್ಕಾ, ನಾನೇ — ಅಷ್ಟರಲ್ಲಿ ಅವಳದೇ ಮೆಸೇಜು, ಏನಮ್ಮಾ, ಆಗಿನಿಂದ ಬರೀತಾನೇ ಇದೀಯ, ಅಷ್ಟು ದೊಡ್ಡ ಕಾಗದಾನಾ? ಕಾಣುತ್ತದಲ್ಲ ಅವಳಿಗೆ, ನಾನು ಬರೆಯುತ್ತಿರುವುದು ಅಲ್ಲಿ ಕಾಣುತ್ತದೆ, ಅಳಿಸಿದ್ದು ಕಾಣುವುದಿಲ್ಲ. ಹಿಂದೆಯೇ ಒಂದು ಫೋಟೋ, ಮೊದಲ ಹೂ ಬಿಡ್ತು ನೋಡು, ಮನೇಲೇ ಇದೀನಲ್ಲ, ಹೊತ್ತುಹೊತ್ತಿಗೆ ನೀರು, ಬೇಕಾದ್ರೆ ಇದನ್ನೂ ನಿನ್ನ ಪುಸ್ತಕಕ್ಕೆ ಹಾಕ್ಕೋ, ಹೆದರಬೇಡ, ನನ್ನ ಮುಖ ಬಂದಿಲ್ಲ. ನಾನು ಎರಡು ಬೆರಳಿಡುತ್ತೇನೆ, ಅಗಲಿಸುತ್ತೇನೆ, ಹಳದಿ ಹೂ, ಒದ್ದೆ ಮಣ್ಣು, ಸೀಳು, ಸೀಳಿನ ಕೆಳಗೆ ೨೧೮, ಇನ್ನೂ ಅಗಲಿಸುತ್ತೇನೆ, ಹೂ ಪರದೆಯಾಚೆ ಸರಿಯಿತು, ಮಣ್ಣೂ ಸರಿಯಿತು, ಪರದೆ ತುಂಬ ೨೧೮ —