ಬೆಟ್ಟದ ಹೂವಿನ ಹಾಸು

ಮಾವ ಅಯ್ಯಾವು ಎತ್ತು ಹೂಡಲು ಹೋದದ್ದೇ ತಡ, ಅಳಗಮ್ಮಾಳ್ ತೋಟದ ಬಾಗಿಲಿಗಿಟ್ಟ ಮುಳ್ಳುಪಡಲಿನ ಕಟ್ಟು ಬಿಚ್ಚಿದಳು. ಇನ್ನು ಸ್ವಲ್ಪ ಹೊತ್ತಿಗೆ ನೇಗಿಲು ಬರುವುದಿತ್ತು.

ಮಲೆಯ ಮೇಲಿನ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದ ಗಂಡ ಮುತ್ತಯ್ಯ ಒಮ್ಮೆ ನಾಲ್ಕು ಗಿಡಗಳನ್ನು ಒದ್ದೆ ಪಾಚಿಯಲ್ಲಿ ಸುತ್ತಿ ತಂದಿದ್ದ. ಅಲ್ಲಿನ ಬಿಳಿ ದೊರೆಗಳ ಬಾಯಲ್ಲಿ ಅದು ವಯೊಲೆಟ್, ಇವಳಿಗೆ ಬೆಟ್ಟದ ಹೂವು. ಮಲೆಯ ಕೆಳಗಿನ ಕಂಬಂ ಸೀಮೆಯ ಬಿಸಿಲಿಗೆ ಮೂರು ದಿನ ತಾಳಿದರೆ ಹೆಚ್ಚು ಎಂದು ಊರೆಲ್ಲ ನಕ್ಕಿತು. ಬಾವಿಯ ಪಕ್ಕ, ನಿಂಬೆಮರಗಳ ನೆರಳಲ್ಲಿ ಅವನು ನೆಟ್ಟದ್ದು ಬೇರು ಹಿಡಿಯಿತು. ಮುತ್ತಯ್ಯ ಮಾತ್ರ ಜ್ವರ ಬಂದು ಮಲೆಯ ಮೇಲೆಯೇ ಮಣ್ಣಾದ. ಮೂರು ವರ್ಷ ಅವಳು ಒಂದೊಂದೇ ಕುಡಿ ಬಿಡಿಸಿ ನೆಟ್ಟು, ಮಣ್ಣೇ ಕಾಣದ ಹಾಗೆ ಹಾಸು ಹಬ್ಬಿಸಿದ್ದಳು. ಗಂಡನ ಗುರುತೆಂದು ಉಳಿದದ್ದು ಅದೊಂದೇ.

ಈಗ ಅಣೆಕಟ್ಟಿನ ನೀರು ಕಾಲುವೆಗೆ ಬಂದಿತ್ತು. ಹೊಟ್ಟೆಗಾಗದ ಕಳೆ ಯಾಕೆ, ಉತ್ತು ಬಾಳೆ ಇಡೋಣ ಎಂದಿದ್ದ ಅಯ್ಯಾವು. ಅವನ ಮಾತಿಗೆ ಎದುರಾಡುವವರು ಮನೆಯಲ್ಲಿರಲಿಲ್ಲ.

ಅವರ ಕುಲಕ್ಕೊಂದು ದೇವರ ಮಂದೆ. ಅದರ ಪಟ್ಟದ ಹೋರಿಗೆ ನೊಗವಿಲ್ಲ. ಅದರ ಮೇಲೆ ಕೋಲೆತ್ತಿದವನನ್ನು ಕುಲದಿಂದ ಹೊರಗಿಡುತ್ತಾರೆ. ಅದು ತಾನಾಗಿ ಮಲಗಿದ ನೆಲವನ್ನು ಆ ವರ್ಷ ಉಳುವಂತಿಲ್ಲ. ಮಂದೆ ದಿನಾ ಬೆಳಿಗ್ಗೆ ಈ ದಾರಿಯಲ್ಲೇ ಹಾಯುತ್ತಿತ್ತು. ತಂಪು ಹಾಸು ಕಂಡರೆ ಹೋರಿ ಮಲಗದೆ ಇದ್ದೀತೇ ಎಂದು ಇವಳ ಎಣಿಕೆ. ಹೋರಿಗೆ ಹೊಟ್ಟೆಯೂ ಇದೆ ಎಂಬುದು ಈ ಜಾಣೆಗೆ ಹೊಳೆದಿರಲಿಲ್ಲ.

ಹೋರಿ ಒಳಗೆ ಬಂತು. ಮೂಸಿತು. ಮಲಗುವ ಬದಲು ಬಾಯಿ ಹಾಕಿ, ಹಿಡಿಹಿಡಿಯಾಗಿ ಕಿತ್ತು ಮೇಯತೊಡಗಿತು. ಅಳಗಮ್ಮಾಳ್ ಎರಡು ಹೆಜ್ಜೆ ಮುಂದಿಟ್ಟು ನಿಂತಳು. ಗದರುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಅಷ್ಟರಲ್ಲಿ ಅಯ್ಯಾವು ಎತ್ತುಗಳೊಡನೆ ಪಡಲಿನಲ್ಲಿ ಕಾಣಿಸಿಕೊಂಡ. ಹೇಗೂ ಕಳೆ ಹೋಯಿತೆಂದು ಅವನು ಹೋರಿಗೆ ಕೈ ಮುಗಿಯುತ್ತಾನೆ ಎಂದುಕೊಂಡಳು.

ಅವನು ಓಡಿಬಂದು ಬಾರುಕೋಲಿನಿಂದ ಹೋರಿಯ ಬೆನ್ನಿಗೆ ಬಾರಿಸಿದ. ಒಂದಲ್ಲ, ಎರಡು ಏಟು.

"ಎನ್ನ ಮಗ ನಟ್ಟ ಗಿಡ ಅದು," ಎಂದ.

ಹೋರಿ ದಾರಿಗೆ ಹಾರಿತು. ಮಂದೆ ಕಾಯುವವನು ಕಂಡದ್ದನ್ನು ನಂಬಲಾರದೆ ನಿಂತಿದ್ದ. ಅಯ್ಯಾವು ತನ್ನ ಕೈಯನ್ನೇ ನೋಡಿಕೊಂಡ. ಕೋಲು ಕೆಳಗೆ ಬಿತ್ತು. ಅಳಗಮ್ಮಾಳ್‌ಗೆ ಅಳು ಒತ್ತರಿಸಿ ಬಂತು.

"ಪಡಲ ಬಿಚ್ಚಿದವಳು ನಾನೇ, ಮಾಮ."

"ಗೊತ್ತು, ತಾಯಿ."

ಅವನು ಕುಕ್ಕರಗಾಲಲ್ಲಿ ಕೂತು, ಕಿತ್ತ ಬುಡಗಳನ್ನು ಬೆರಳಿನಿಂದ ಒತ್ತಿ ಮಣ್ಣು ಮುಚ್ಚಿದ. ಆಮೇಲೆ ಎದ್ದು ಎತ್ತುಗಳ ನೊಗ ಬಿಚ್ಚಿದ, ತಲೆಯ ಮುಂಡಾಸು ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಕುಲದ ಹಿರಿಯರ ಮುಂದೆ ತಪ್ಪೊಪ್ಪಿಕೊಳ್ಳಲು ಹೋಗುವವರು ಹಾಗೆ ಕಟ್ಟಿಕೊಳ್ಳುತ್ತಾರೆ.

"ಬೇರು ಅದೆ," ಎಂದ. "ನೀರು ಹುಯ್ಯಿ."